ಕೊಂಡಪಲ್ಲಿಯ ಕುರ್ಚಿ

1481ರ ಏಪ್ರಿಲ್ 5. ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾ ಕೊಂಡಪಲ್ಲಿಯಲ್ಲಿ ಬೀಡು ಬಿಟ್ಟಿದ್ದ. ತನ್ನ ವಜೀರ ಮಹಮೂದ್ ಗವಾನನನ್ನು ಅಲ್ಲಿಗೆ ಕರೆಸಿ ಒಂದು ಕಾಗದ ತೋರಿಸಿದ. ದಂಡೆತ್ತಿ ಬಾ ಎಂದು ಒಡಿಶಾದ ಗಜಪತಿಗೆ ಗವಾನನೇ ಬರೆದನೆಂದು ಹೇಳಲಾದ ಕಾಗದ ಅದು. ಚರಿತ್ರಕಾರ ಫಿರಿಷ್ತಾ ಬರೆದಿರುವ ಪ್ರಕಾರ ಅದರ ಮೇಲಿನ ಮುದ್ರೆ ಗವಾನನದೇ, ಒಕ್ಕಣೆ ಮಾತ್ರ ಅವನ ಶತ್ರುಗಳದು. ಮುದ್ರೆ ಕಾಯುತ್ತಿದ್ದ ಆಳಿಗೆ ಕುಡಿಸಿ, ಖಾಲಿ ಹಾಳೆಯ ಮೇಲೆ ಒತ್ತಿಸಿಕೊಂಡಿದ್ದರು. ಸುಲ್ತಾನನೂ ಆ ಹೊತ್ತಿಗೆ ಕುಡಿದಿದ್ದ. ವಿಚಾರಣೆ ನಡೆಯಲಿಲ್ಲ. ಎಪ್ಪತ್ತು ದಾಟಿದ್ದ ಮುದುಕನ ತಲೆ ಅಲ್ಲೇ ಹೋಯಿತು.

ನಾನು ಬೀದರಿನವಳು. ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಉಳಿದ ಮಿನಾರನ್ನು ನೋಡುತ್ತಲೇ ಶಾಲೆಗೆ ಹೋದವಳು. ಊರ ಹೊರಗೆ ಗೋರ್ನಳ್ಳಿಯ ಹತ್ತಿರ ಇರುವ ಅವನ ಗೋರಿಗೆ ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೋದದ್ದೂ ಉಂಟು. ಮದುವೆಯಾಗಿ ಕೊಂಡಪಲ್ಲಿಗೆ ಬಂದೆ. ಯಜಮಾನರಿಗೆ ಇಬ್ರಾಹಿಂಪಟ್ನಂ ವಿದ್ಯುತ್ ಸ್ಥಾವರದಲ್ಲಿ ಕೆಲಸ. ನಾನು ಇಲ್ಲಿನ ಮಕ್ಕಳಿಗೆ ತೆಲುಗಿನಲ್ಲಿ ಸಮಾಜ ಪಾಠ ಹೇಳಿಕೊಂಡು ನೌಕರಿ ಮುಗಿಸಿದೆ. ಗವಾನ್ ಬದುಕಿದ್ದು ನಮ್ಮೂರಲ್ಲಿ, ಸತ್ತದ್ದು ಈ ಊರಲ್ಲಿ. ಎರಡೂ ಊರಿನ ಮಕ್ಕಳಿಗೆ ಅದು ಸರಿಯಾಗಿ ಗೊತ್ತಿಲ್ಲವೆಂದು ನನಗೆ ಯಾವತ್ತೂ ಸಂಕಟ.

ಆ ಕೊಲೆಗೆ ಮೂಲ ಆಡಳಿತದ ಜಗಳ. ಬಹಮನಿ ರಾಜ್ಯದಲ್ಲಿ ತರಫು ಎಂದು ಕರೆಯುತ್ತಿದ್ದ ಪ್ರಾಂತ್ಯಗಳು ನಾಲ್ಕೇ ಇದ್ದವು. ಒಂದೊಂದರ ತರಫ್‌ದಾರನೂ ತಾನೇ ಚಿಕ್ಕ ಸುಲ್ತಾನನೆಂಬಂತೆ ಆಳುತ್ತಿದ್ದ. ಗವಾನ್ ನಾಲ್ಕನ್ನು ಒಡೆದು ಎಂಟು ಮಾಡಿದ. ತೆಲಂಗಾಣದ ತರಫು ವರಂಗಲ್, ರಾಜಮಹೇಂದ್ರಿ ಎಂದು ಎರಡಾಯಿತು. ಕೊಂಡಪಲ್ಲಿ ಸೀಮೆ ರಾಜಮಹೇಂದ್ರಿಗೆ ಸೇರಿತು. ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಇರತಕ್ಕದ್ದು, ಉಳಿದ ಕೋಟೆಗಳ ಕಿಲ್ಲೇದಾರರನ್ನು ಸುಲ್ತಾನನೇ ನೇಮಿಸತಕ್ಕದ್ದು ಎಂದು ಕಟ್ಟುಮಾಡಿದ. ಜಮೀನು ಅಳೆಸಿದ. ಸಂಬಳ ಎತ್ತುವಷ್ಟು ಸಿಪಾಯಿಗಳು ನಿಜಕ್ಕೂ ಇದ್ದಾರೆಯೇ ಎಂದು ತಲೆ ಎಣಿಸಿದ. ಹೀಗೆ ಲೆಕ್ಕ ಕೇಳುವವನನ್ನು ದೊಡ್ಡ ಅಮೀರರು ಎಷ್ಟು ದಿನ ಸಹಿಸಿಯಾರು? ತೆಲಂಗಾಣದ ಅಧಿಕಾರ ಅರ್ಧ ಕಳಕೊಂಡ ಮಲಿಕ್ ಹಸನ್ ನಿಜಾಮುಲ್ ಮುಲ್ಕ್ ಆ ಸಂಚಿನ ಮುಂದಾಳಾಗಿದ್ದ. ಗವಾನ್ ಹೋದ ಮರುವರ್ಷವೇ ಸುಲ್ತಾನನೂ ಸತ್ತ. ಮುಂದೆ ರಾಜ್ಯವೇ ಐದು ಹೋಳಾಯಿತು.

ಬೆಟ್ಟ ಹತ್ತಿ ಕೋಟೆಯ ಕಲ್ಲಿನ ಬುರುಜಿನ ಹತ್ತಿರ ನಿಂತಾಗಲೆಲ್ಲ ನನಗೆ ಬರುವ ಯೋಚನೆ ಒಂದೇ: ಈ ಊರನ್ನು ಯಾರು ಆಳಬೇಕೆಂಬುದು ಈ ಊರಿನಲ್ಲಿ ಎಂದೂ ತೀರ್ಮಾನವಾಗಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಕೊಂಡವೀಡಿನ ಪ್ರೋಲಯ ವೇಮಾ ರೆಡ್ಡಿ ಈ ಕೋಟೆ ಕಟ್ಟಿಸಿದ. ಆಮೇಲೆ ಗಜಪತಿಗಳು ಬಂದರು, ಬಹಮನಿಗಳು ಬಂದರು, ಮತ್ತೆ ಗಜಪತಿಗಳೇ ಬಂದರು. 1515ರಲ್ಲಿ ಕೊಂಡವೀಡನ್ನು ಗೆದ್ದ ನಮ್ಮ ಕೃಷ್ಣದೇವರಾಯ ಹೊಳೆ ದಾಟಿ ಬಂದು ಇದನ್ನೂ ಹಿಡಿದ. ಅವನ ನಂತರ ಗೋಲ್ಕೊಂಡದ ಕುತುಬ್‌ಶಾಹಿಗಳು, 1687ರಿಂದ ಮೊಗಲರು, ಅವರ ಹೆಸರಿನಲ್ಲಿ ನಿಜಾಮ. ಹಂಪಿಯಿಂದ ಬಂದವನು ನಮ್ಮವನೆಂದು ನನಗೆ ಅಭಿಮಾನವಿದೆ. ಆದರೆ ಕೆಳಗಿನ ಪೇಟೆಯಲ್ಲಿ ಬೊಂಬೆ ಕೆತ್ತುತ್ತಿದ್ದವನಿಗೆ ಅವನೂ ಹೊರಗಿನಿಂದ ಬಂದ ಇನ್ನೊಬ್ಬ ದಣಿಯೇ.

ಮೊಗಲರ ಕಾಲದ ಲೆಕ್ಕಪತ್ರದಲ್ಲಿ ಕೊಂಡಪಲ್ಲಿ ಎಂಬುದು ಒಂದು ಇಡೀ ಸೀಮೆಯ ಹೆಸರು. ಉತ್ತರ ಸರ್ಕಾರುಗಳೆಂದು ಪಠ್ಯಪುಸ್ತಕದಲ್ಲಿ ಓದುತ್ತೇವಲ್ಲ, ಚಿಕಾಕೋಲು, ರಾಜಮಹೇಂದ್ರಿ, ಏಲೂರು, ಗುಂಟೂರು, ಅವುಗಳ ಜೊತೆ ಕೊಂಡಪಲ್ಲಿಯೂ ಒಂದು. ಮುಸ್ತಫಾನಗರ ಎಂದೂ ಅದಕ್ಕೆ ಹೆಸರಿತ್ತು. 1753ರಲ್ಲಿ ನಿಜಾಮ ಸಲಾಬತ್ ಜಂಗ್ ಇದನ್ನು ಏಲೂರು, ರಾಜಮಹೇಂದ್ರಿ, ಚಿಕಾಕೋಲುಗಳ ಜೊತೆಗೆ ಫ್ರೆಂಚರ ಬುಸ್ಸಿಗೆ ಸೈನ್ಯದ ಖರ್ಚಿಗೆಂದು ಬಿಟ್ಟುಕೊಟ್ಟ. 1765ರಲ್ಲಿ ದೂರದ ಮೊಗಲ ಬಾದಶಹ ಷಾ ಆಲಂ ಅದೇ ಸೀಮೆಗಳನ್ನು ಇಂಗ್ಲಿಷ್ ಕಂಪನಿಗೆ ಫರ್ಮಾನು ಬರೆದು ಕೊಟ್ಟ. 1766ರಲ್ಲಿ ಜನರಲ್ ಕೈಲಾಡ್ ಕೋಟೆಗೆ ಲಗ್ಗೆ ಹಾಕಿ ಹಿಡಿದ. ಆ ವರ್ಷದ ನವೆಂಬರಿನಲ್ಲಿ, ವರ್ಷಕ್ಕಿಷ್ಟು ಹಣ ಕಟ್ಟುತ್ತೇವೆಂದು ಕಂಪನಿಯವರು ನಿಜಾಮನ ಜೊತೆ ಕರಾರು ಬರೆದುಕೊಂಡರು. ಹದಿಮೂರು ವರ್ಷದಲ್ಲಿ ಊರು ಮೂವರ ಕೈ ಬದಲಾಯಿಸಿತು. ಊರಿನವರನ್ನು ಕೇಳಿದವರು ಯಾರೂ ಇಲ್ಲ.

ಕಂಪನಿಯವರು ಬಂದ ಮೇಲೆ ಮೇಲಿನ ಆಡಳಿತ ಮಚಲಿಪಟ್ನಂ ಕಲೆಕ್ಟರಿಗೆ ಹೋಯಿತು, ನಡುವೆ ಜಮೀನ್ದಾರರು, ಬುಡದಲ್ಲಿ ಕರಣಂ. ನಮ್ಮ ಕಡೆ ಶಾನುಭೋಗರಿದ್ದಂತೆ ಇಲ್ಲಿ ಕರಣಂ. ಮದ್ರಾಸಿನ 1802ರ ರೆಗ್ಯುಲೇಷನ್ ಆ ಹುದ್ದೆಯನ್ನು ವಂಶಪಾರಂಪರ್ಯವೆಂದು ಗಟ್ಟಿಮಾಡಿತು. ಅಪ್ಪನ ಕೈಲಿದ್ದ ಕಡತ ಮಗನ ಕೈಗೆ, ಮಗನಿಂದ ಮೊಮ್ಮಗನಿಗೆ. ಯಾರ ಹೊಲ ಎಲ್ಲಿಯವರೆಗೆ, ಯಾವ ಗುಂಟೆ ಯಾರ ಹೆಸರಿನಲ್ಲಿ ಎಂಬುದು ಅವನು ಬರೆದಂತೆ. ಕರ್ನಾಟಕದಲ್ಲಿ ಪಟೇಲ, ಶಾನುಭೋಗರ ವಂಶಪಾರಂಪರ್ಯ 1961ರ ಕಾಯಿದೆಯಿಂದ ಹೋಯಿತು. ಆಂಧ್ರದಲ್ಲಿ ಆ ಹುದ್ದೆಗಳು 1984ರ ತನಕ ಉಳಿದವು. ಆ ವರ್ಷದ ಜನವರಿಯಲ್ಲಿ ಎನ್.ಟಿ. ರಾಮಾರಾವ್ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿ ನಮ್ಮ ಪಟೇಲರಂತಿದ್ದ ಮುನಸಬು, ಕರಣಂ ಹುದ್ದೆಗಳನ್ನು ಒಂದೇ ಏಟಿಗೆ ತೆಗೆದುಹಾಕಿತು. ನಮ್ಮ ಬೀದಿಯ ಹಿರಿಯರಿಗೆ ಅದು ಇನ್ನೂ ನೆನಪಿದೆ. ಕಾಗದ ಒಪ್ಪಿಸಲು ಕೆಲವು ಊರಿನ ಕರಣಂಗಳು ಒಲ್ಲೆನೆಂದು ಕೂತದ್ದು, ಯಾವುದೋ ಅಟ್ಟದಿಂದ ಗಂಟುಗಟ್ಟಲೆ ಲೆಕ್ಕ ಇಳಿಸಿದ್ದು, ಇವನ್ನೆಲ್ಲ ನಿನ್ನೆ ಮೊನ್ನೆ ನಡೆದಂತೆ ಹೇಳುತ್ತಾರೆ.

ಮತ ಹಾಕಿ ಊರಿನ ಸಭೆ ಕಟ್ಟುವ ಪದ್ಧತಿ ಈ ನಾಡಿಗೆ ಬಂದದ್ದು ಲಾರ್ಡ್ ರಿಪನ್ನನ 1882ರ ಠರಾವಿನಿಂದ. 1884ರಲ್ಲಿ ಮದ್ರಾಸಿನ ಲೋಕಲ್ ಬೋರ್ಡ್ ಕಾಯಿದೆ ಬಂತು. 1888ರಲ್ಲಿ ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಬೆಜವಾಡ ಪುರಸಭೆಯಾಯಿತು. ಮತ ಯಾರಿಗೆ? ತೆರಿಗೆ ಕಟ್ಟುವ, ಆಸ್ತಿ ಇರುವ ಗಂಡಸರಿಗೆ. ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟು, ಕಾಲುವೆ, ರೈಲು ಬಂದು ಬೆಜವಾಡ ಬೆಳೆಯುತ್ತ ಹೋಯಿತು. ಒಂದು ಕಾಲಕ್ಕೆ ಸರ್ಕಾರಿನ ಮುಖ್ಯಪಟ್ಟಣವಾಗಿದ್ದ ಕೊಂಡಪಲ್ಲಿ, ಬೊಂಬೆ ಮಾಡುವ ಹಳ್ಳಿಯಾಗಿ ಉಳಿಯಿತು.

ಪುರಸಭೆ ಬಂದರೆ ಸ್ವರಾಜ್ಯ ಬಂತೆಂದು ಎಲ್ಲರೂ ಕುಣಿಯಲಿಲ್ಲ ಎಂಬುದನ್ನು ನನ್ನ ಮಕ್ಕಳಿಗೆ ಹೇಳುವಾಗ ಚೀರಾಲ-ಪೇರಾಲದ ಕತೆ ಹೇಳುತ್ತಿದ್ದೆ. ಈ ಭಾಗದ ಆಧುನಿಕ ಚರಿತ್ರೆಯಲ್ಲಿ ನನಗೆ ಅದಕ್ಕಿಂತ ದೊಡ್ಡ ಘಟನೆ ಕಾಣುವುದಿಲ್ಲ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಮದ್ರಾಸ್ ಸರ್ಕಾರ ಗುಂಟೂರು ಜಿಲ್ಲೆಯ ಚೀರಾಲ, ಪೇರಾಲ ಎಂಬ ಎರಡು ನೇಕಾರರ ಊರುಗಳನ್ನು ಸೇರಿಸಿ ಪುರಸಭೆ ಮಾಡಿತು. ಊರಿನವರು ಅದನ್ನು ಬೇಡಿರಲಿಲ್ಲ. ತೆರಿಗೆ ಹಲವು ಪಟ್ಟು ಏರಿತು. ಮಗ್ಗದ ಮೇಲೆ ಹೊಟ್ಟೆ ಹೊರೆಯುವವರು ಎಲ್ಲಿಂದ ತಂದಾರು? ಅರ್ಜಿ ಕೊಟ್ಟರು, ತೆರಿಗೆ ಕಟ್ಟೆವೆಂದರು, ಜೈಲಿಗೆ ಹೋದರು. ಅವರ ಮುಂದೆ ನಿಂತವರು ದುಗ್ಗಿರಾಲ ಗೋಪಾಲಕೃಷ್ಣಯ್ಯ. ಎಡಿನ್‌ಬರೋದಲ್ಲಿ ಓದಿ ಬಂದವರು, ಹಾಡು ಕಟ್ಟಬಲ್ಲವರು, ನಮ್ಮ ಈಗಿನ ಜಿಲ್ಲೆಯ ಪೆನುಗಂಚಿಪ್ರೋಲಿನಲ್ಲೇ ಹುಟ್ಟಿದವರು. 1921ರಲ್ಲಿ ಬೆಜವಾಡದಲ್ಲಿ ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಗಾಂಧಿಯವರ ಸಲಹೆ ಪಡೆದರು. ಆಮೇಲೆ ಜನ ಮನೆಗೆ ಬೀಗ ಹಾಕಿ ಪುರಸಭೆಯ ಎಲ್ಲೆ ದಾಟಿದರು. ಎಲ್ಲೆಯೊಳಗೆ ಇಲ್ಲದವನಿಗೆ ತೆರಿಗೆ ಹಾಕುವಂತಿಲ್ಲವಲ್ಲ! ಊರ ಹೊರಗೆ ಗುಡಿಸಲು ಹಾಕಿ ಅದಕ್ಕೆ ರಾಮನಗರವೆಂದು ಹೆಸರಿಟ್ಟು, ಮಳೆ, ಬಿಸಿಲು, ಕಾಯಿಲೆಗಳ ನಡುವೆ ಸುಮಾರು 11 ತಿಂಗಳು ಸಾವಿರಾರು ಜನ ಅಲ್ಲೇ ಇದ್ದರು. ದುಗ್ಗಿರಾಲರು ಜೈಲಿನಲ್ಲಿದ್ದರು, ಹಣ ಮುಗಿಯಿತು, ಕೊನೆಗೆ ಮರಳಿ ಬಂದರು. ಸೋತರೆಂದು ಬರೆಯುವವರಿದ್ದಾರೆ. ನಾನು ಹಾಗೆ ಹೇಳಲಾರೆ. ನಮ್ಮ ಊರನ್ನು ಏನು ಮಾಡಬೇಕೆಂಬುದನ್ನು ನಮ್ಮನ್ನು ಕೇಳಿ ಮಾಡಿ ಎಂದು ಈ ತೀರದಲ್ಲಿ ಮೊದಲು ಗಟ್ಟಿಯಾಗಿ ಹೇಳಿದವರು ಆ ನೇಕಾರರು.

ಸ್ವಾತಂತ್ರ್ಯ ಬಂದ ಮೇಲೆ ಕಾಯಿದೆಗಳ ಮೇಲೆ ಕಾಯಿದೆ ಬಂದವು. 1959ರಲ್ಲಿ ರಾಜಸ್ಥಾನದ ಹಿಂದೆಯೇ ಆಂಧ್ರಪ್ರದೇಶ ಪಂಚಾಯತಿ ಸಮಿತಿ, ಜಿಲ್ಲಾ ಪರಿಷತ್ತುಗಳನ್ನು ತಂದಿತು. ಎಂಬತ್ತರ ದಶಕದಲ್ಲಿ ಎರಡು ರಾಜ್ಯಗಳೂ ಒಟ್ಟಿಗೇ ಮಂಡಲಗಳತ್ತ ಹೊರಳಿದವು. ಇಲ್ಲಿ ರಾಮಾರಾಯರು, ನಮ್ಮಲ್ಲಿ ಅಬ್ದುಲ್ ನಜೀರ್‌ಸಾಬರು. ನಜೀರ್‌ಸಾಬರ 1983ರ ಕಾಯಿದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದು, ನೂರಕ್ಕೆ 25 ಸ್ಥಾನ ಹೆಂಗಸರದಾಯಿತು. ಅಂಗಳ ದಾಟದಿದ್ದ ಹೆಂಗಸರು ಮಂಡಲ ಪಂಚಾಯತಿಯ ಸಭೆಗೆ ಹೋಗಿ ಬೋರ್‌ವೆಲ್ಲಿನ ಮಾತು ಎತ್ತಿದ ಕಾಲ ಅದು. 1993ರಲ್ಲಿ ಸಂವಿಧಾನದ 73, 74ನೆಯ ತಿದ್ದುಪಡಿಗಳು ಜಾರಿಗೆ ಬಂದು, ಐದು ವರ್ಷಕ್ಕೊಮ್ಮೆ ಚುನಾವಣೆ ಎಂಬುದು ಕಡ್ಡಾಯವಾಯಿತು.

ಇಲ್ಲಿ ಎರಡು ರಾಜ್ಯಗಳಿಗೂ ಒಂದು ವ್ಯತ್ಯಾಸವಿದೆ. ನನ್ನ ಮಟ್ಟಿಗೆ ಈ ಚರಿತ್ರೆಯ ಮರ್ಮವೇ ಅದರಲ್ಲಿದೆ. ಕರ್ನಾಟಕದಲ್ಲಿ ನಾವು ಗ್ರಾಮ ಪಂಚಾಯತಿಯ ಸದಸ್ಯರನ್ನು ಆರಿಸುತ್ತೇವೆ, ಅವರು ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. ಅಧ್ಯಕ್ಷರ ಆಯ್ಕೆಗೆ ಮುಂಚೆ ಸದಸ್ಯರನ್ನು ಬಸ್ಸು ಹತ್ತಿಸಿ ಯಾವುದೋ ರೆಸಾರ್ಟಿಗೆ ಒಯ್ಯುವ ಸಂಗತಿ ನಮ್ಮವರಿಗೆ ಹೊಸದಲ್ಲ. ಆಂಧ್ರದಲ್ಲಿ 1994ರ ಪಂಚಾಯತಿ ಕಾಯಿದೆಯಂತೆ ಸರಪಂಚರನ್ನು ಇಡೀ ಊರೇ ನೇರ ಆರಿಸುತ್ತದೆ. ಪಕ್ಷದ ಚಿಹ್ನೆ ಇಲ್ಲ. ಹಿಂದೆ ಯಾವ ಪಕ್ಷವಿದೆಯೆಂದು ಎಲ್ಲರಿಗೂ ಗೊತ್ತಿದ್ದರೂ ಮತಪತ್ರದ ಮೇಲೆ ಅದರ ಗುರುತು ಇರುವುದಿಲ್ಲ. ನಾನು ಬಂದ ಹೊಸತರಲ್ಲಿ ಎದುರು ಮನೆಯ ತಾತ, ಜೀವಮಾನವಿಡೀ ತೆಲ್ಲ ಪೊಣಿಕಿ ಮರದಲ್ಲಿ ಅಂಬಾರಿ ಆನೆ ಕೆತ್ತಿದವರು, ನನಗೆ ಇದನ್ನು ತಿಳಿಸಿಕೊಟ್ಟರು. "ಟೀಚರಮ್ಮಾ, ಎಮ್ಮೆಲ್ಯೆ ಯಾರಾದರೂ ಆಗಲಿ, ಅವನು ನಮ್ಮ ಬೀದಿಗೆ ಐದು ವರ್ಷಕ್ಕೊಮ್ಮೆ ಬರೋನು. ಸರಪಂಚ್ ಆದರೆ ಸಂತೆಯಲ್ಲಿ ಸಿಗುತ್ತಾನೆ. ಮೋರಿ ಕಟ್ಟಿದರೆ ಅವನ ಮನೆ ಮುಂದೆ ಹೋಗಿ ನಿಲ್ಲಬಹುದು. ಯಾಕಂದರೆ ಅವನನ್ನ ಕೂರಿಸಿದವರು ನಾವೇ."

ಐನೂರು ವರ್ಷ ಬೀದರಿನಿಂದ, ಕಟಕದಿಂದ, ಹಂಪಿಯಿಂದ, ಗೋಲ್ಕೊಂಡದಿಂದ, ಮದ್ರಾಸಿನಿಂದ ಆಳಿಸಿಕೊಂಡ ಊರಿನಲ್ಲಿ ಒಬ್ಬ ಬೊಂಬೆಗಾರ ಈ ಮಾತು ಆಡುವಂತಾದದ್ದು ಸಣ್ಣ ಸಂಗತಿಯಲ್ಲ.

ಊರು ಅಷ್ಟರಲ್ಲಿ ಹಳ್ಳಿಯಾಗಿ ಉಳಿದಿರಲಿಲ್ಲ. ವಿದ್ಯುತ್ ಸ್ಥಾವರ 1979ರಲ್ಲಿ ಶುರುವಾಯಿತು. ಅದರ ಹಿಂದೆ ಕೈಗಾರಿಕಾ ವಸಾಹತು, ಲಾರಿಗಳು, ಬಾಡಿಗೆ ಮನೆಗಳು. ಚಿಮಣಿಗಳ ಬೂದಿ ಅಂಗಳದಲ್ಲಿ ಒಣಹಾಕಿದ ಹಪ್ಪಳದ ಮೇಲೂ ಕೂರುತ್ತದೆ. ಬೊಮ್ಮಲ ಕಾಲೊನಿಯ ಆರ್ಯಕ್ಷತ್ರಿಯ ಮನೆತನಗಳ ಬೊಂಬೆ ಕಸುಬಿಗೆ 2007ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಆದರೆ ಮರ ಸಿಗುವುದು ಕಷ್ಟವಾಗುತ್ತ ಬಂತು. ಪೊಣಿಕಿ ಬೆಳೆಯುವುದು ಬೆಟ್ಟದ ಮೀಸಲು ಅರಣ್ಯದಲ್ಲಿ, ಅರಣ್ಯ ಇಲಾಖೆಯ ಕೈಯಲ್ಲಿ. ಬೂದಿಯ ಮೇಲೂ ಪಂಚಾಯತಿಗೆ ಅಧಿಕಾರವಿಲ್ಲ, ಮರದ ಮೇಲೂ ಇಲ್ಲ. ಹೀಗಿದ್ದರೂ ಊರಿನ ಪರವಾಗಿ ಹೋಗಿ ಕೇಳಲು ಊರೇ ಆರಿಸಿದ ಒಬ್ಬ ಮನುಷ್ಯ ಇದ್ದ.

ಆಮೇಲೆ ಕೊಂಡಪಲ್ಲಿ, ಇಬ್ರಾಹಿಂಪಟ್ನಂ ಎರಡು ಪಂಚಾಯತಿಗಳನ್ನೂ ಸೇರಿಸಿ ಕೊಂಡಪಲ್ಲಿ ಪುರಸಭೆ ಮಾಡಿದರು. ನನಗೆ ಚೀರಾಲ-ಪೇರಾಲ ನೆನಪಾಗದೆ ಇರುತ್ತದೆಯೇ? ಕಾಲ ಬೇರೆ, ಕಾರಣ ಬೇರೆ. ಬೆಳೆದ ಊರಿಗೆ ಪುರಸಭೆ ಬೇಕು, ಒಳಚರಂಡಿಗೆ, ರಸ್ತೆಗೆ ದುಡ್ಡು ಅಲ್ಲಿಂದಲೇ ಬರಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪಂಚಾಯತಿ ಹೋಗುವಾಗ ಅದರ ಜೊತೆ ಇನ್ನೊಂದೂ ಹೋಯಿತು. ಪುರಸಭೆಯ ಚೇರ್ಮನ್ನರನ್ನು ಜನ ಆರಿಸುವುದಿಲ್ಲ, ಕೌನ್ಸಿಲರುಗಳು ಆರಿಸುತ್ತಾರೆ. ಎಂಬತ್ತರ ದಶಕದಿಂದ ಕೆಲವು ಅವಧಿ ಆಂಧ್ರದಲ್ಲಿ ಚೇರ್ಮನ್ನರನ್ನೂ ಜನರೇ ನೇರ ಆರಿಸಿದ್ದುಂಟು. ಮುಂದೆ ಕಾನೂನು ತಿದ್ದಿ ಅದನ್ನು ತೆಗೆದರು. ಮೇಲಾಗಿ ಆ ಕ್ಷೇತ್ರದ ಶಾಸಕರೂ ಸಂಸದರೂ ಪದನಿಮಿತ್ತ ಸದಸ್ಯರು, ಅವರಿಗೂ ಮತ ಉಂಟು. ಕರ್ನಾಟಕದ ಪುರಸಭೆಗಳಲ್ಲಿಯೂ ಇದೇ ಪದ್ಧತಿ.

2021ರ ನವೆಂಬರ್ 15, ಸೋಮವಾರ. ನೆಲ್ಲೂರು ಮಹಾನಗರ ಪಾಲಿಕೆ, ಕುಪ್ಪಂ, ಜಗ್ಗಯ್ಯಪೇಟ, ನಮ್ಮ ವಿಜಯನಗರದವರ ಪೆನುಕೊಂಡ ಇವುಗಳ ಜೊತೆಗೆ ಕೊಂಡಪಲ್ಲಿಯ 29 ವಾರ್ಡುಗಳಿಗೂ ಮತದಾನ. ನಾನೂ ಎದುರು ಮನೆಯ ಸೊಸೆಯೂ ಬೆಳಗ್ಗೆಯೇ ಸಾಲಿನಲ್ಲಿ ನಿಂತೆವು. ಹೊಸ ಪುರಸಭೆಯ ಮೊದಲ ಚುನಾವಣೆ, ಮೊದಲ ಸಲ ಪಕ್ಷದ ಚಿಹ್ನೆಗಳು. ಬುಧವಾರ ಎಣಿಕೆಯಾಯಿತು. ವೈಎಸ್ಸಾರ್ ಕಾಂಗ್ರೆಸ್ 14, ತೆಲುಗುದೇಶಂ 14, ಪಕ್ಷೇತರ 1. ಗೆದ್ದ ಪಕ್ಷೇತರ ಮಹಿಳೆ ತೆಲುಗುದೇಶಂ ಸೇರಿದರು, ಅಲ್ಲಿಗೆ 15. ವೈಎಸ್ಸಾರ್ ಕಾಂಗ್ರೆಸ್ಸಿನ ಮೈಲವರಂ ಶಾಸಕರ ಮತ ಸೇರಿದರೆ ಆ ಕಡೆಯೂ 15. ಉಳಿದದ್ದು ತೆಲುಗುದೇಶಂನ ಆಗಿನ ವಿಜಯವಾಡ ಸಂಸದ ಕೇಶಿನೇನಿ ಶ್ರೀನಿವಾಸ್ ಅವರ ಒಂದು ಮತ. ಒಬ್ಬ ಸಂಸದರ ಕ್ಷೇತ್ರದಲ್ಲಿ ಹಲವು ನಗರಸಭೆಗಳಿರುತ್ತವೆ. ಅವರ ಮತ ಇಲ್ಲಿ ಸಲ್ಲುತ್ತದೆಯೇ ಎಂಬುದು ಹೈಕೋರ್ಟಿಗೆ ಹೋಯಿತು.

22ರಂದು ಕೌನ್ಸಿಲರುಗಳು ಸಭೆ ಸೇರಿದಾಗ ಗಲಾಟೆಯಾಗಿ ಚೇರ್ಮನ್ ಆಯ್ಕೆ ಮುಂದೆ ಹೋಯಿತು. 23ರಂದು ಮತ್ತೆ ಹಾಗೆಯೇ. 24ರಂದು ಹೈಕೋರ್ಟಿನ ಆದೇಶದಂತೆ, ಊರ ತುಂಬ ಪೊಲೀಸರ ಕಾವಲಿನಲ್ಲಿ ಆಯ್ಕೆ ನಡೆಯಿತು. ಫಲಿತಾಂಶ ಮಾತ್ರ ಪ್ರಕಟಿಸಬಾರದು, ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಡಬೇಕು ಎಂದಾಗಿತ್ತು. ಕೈ ಎತ್ತಿದವರೆಷ್ಟು ಎಂದು ಸಭೆಯಲ್ಲಿದ್ದವರೆಲ್ಲ ಕಂಡಿದ್ದರು. ಆದರೂ ಊರಿಗೆ ಚೇರ್ಮನ್ ಇರಲಿಲ್ಲ. ಆ ಲಕೋಟೆಯನ್ನು ವಾರಗಟ್ಟಲೆ ಅಲ್ಲ, ವರ್ಷಗಟ್ಟಲೆ ತೆರೆಯಲಿಲ್ಲ. ಎದುರು ಮನೆಯ ಸೊಸೆ ಬೊಂಬೆಗೆ ಬಣ್ಣ ಹಚ್ಚುತ್ತ ಕೇಳಿದಳು: "ಅಕ್ಕಾ, ನಾವು ಹಾಕಿದ ಓಟು ಈಗ ಎಲ್ಲಿದೆ?" ನಾನು ಲಕ್ಷಣವಾಗಿ ಕಾನೂನು ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಕಣ್ಣು ತುಂಬಿ ಬಂತು. 29 ವಾರ್ಡುಗಳ ಜನ ಸಾಲಿನಲ್ಲಿ ನಿಂತು ಹಾಕಿದ ಮತ ಹೆಚ್ಚುಕಡಿಮೆ ಸಮವಾಗಿ ನಿಂತಾಗ, ತೂಕ ಆ ಕಡೆ ಈ ಕಡೆ ವಾಲಿಸುವ ಮತ ಬೇರೆ ಸಭೆಗಳಿಗೆ ಆಯ್ಕೆಯಾದ ಇಬ್ಬರದಾಗಿತ್ತು. ಅವರು ಯಾವ ಪಕ್ಷದವರೆಂಬುದು ನನಗೆ ಮುಖ್ಯವಲ್ಲ. ಆ ಇಬ್ಬರೂ ಅದಲು ಬದಲಾಗಿದ್ದರೂ ನನ್ನ ಮಾತು ಇದೇ.

ಸರಪಂಚರ ಪದ್ಧತಿಯಲ್ಲೇ ಇದ್ದಿದ್ದರೆ? ಎರಡು ಪಕ್ಷ ಎಷ್ಟೇ ಸಮವಾಗಿದ್ದರೂ ಊರಿನ ಸಾವಿರಾರು ಮತಗಳಲ್ಲಿ ಒಬ್ಬರಿಗೆ ನಾಲ್ಕಾದರೂ ಹೆಚ್ಚು ಬೀಳುತ್ತಿತ್ತು. ಅವತ್ತೇ ಸಂಜೆ ಹೆಸರು ಗೊತ್ತಾಗುತ್ತಿತ್ತು. ನೇರ ಆಯ್ಕೆಯಾದ ಅಧ್ಯಕ್ಷರಿಗೂ ಸಭೆಗೂ ಹೊಂದದಿದ್ದರೆ ಕೆಲಸ ನಿಲ್ಲುತ್ತದೆ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದರೆ ನೇರ ಆರಿಸದ ಊರಿನಲ್ಲಿ ಏನಾಯಿತೆಂದು ನಾವು ಕಂಡಿದ್ದೇವೆ.

ಆ ವರ್ಷಗಳಲ್ಲಿ ಊರಿನ ಕೆಲಸ ಪೂರ್ತಿ ನಿಂತಿತೆಂದು ಹೇಳಿದರೆ ಅನ್ಯಾಯವಾದೀತು. ಕಮಿಷನರ್ ಇದ್ದರು. 2019ರ ಅಕ್ಟೋಬರ್ 2ರಿಂದ ಶುರುವಾದ ವಾರ್ಡು ಸಚಿವಾಲಯಗಳಲ್ಲಿ ಸರ್ಟಿಫಿಕೇಟು, ಪಿಂಚಣಿ, ಅರ್ಜಿ ಎಲ್ಲ ನಡೆಯುತ್ತಿತ್ತು. ನನ್ನ ಅತ್ತೆಯವರ ಪಿಂಚಣಿ ಮನೆ ಬಾಗಿಲಿಗೇ ಬರುತ್ತಿತ್ತು, ಅದನ್ನು ನಾನು ಮರೆಯುವುದಿಲ್ಲ. ಆದರೆ ಅವರೆಲ್ಲ ಮೇಲಿನಿಂದ ನೇಮಕವಾಗಿ ಬಂದವರು. ಬೂದಿಯ ಬಗ್ಗೆ ಸ್ಥಾವರದವರ ಮುಂದೆ, ಪೊಣಿಕಿ ಬಗ್ಗೆ ಅರಣ್ಯ ಇಲಾಖೆಯ ಮುಂದೆ ಕೂತು ಊರಿನ ಪರವಾಗಿ ಮೇಜು ಗುದ್ದಿ ಕೇಳುವ ಬಾಧ್ಯತೆ ಅವರಿಗಿಲ್ಲ.

ಐದು ವರ್ಷದ ಲೆಕ್ಕದಲ್ಲಿ ಈ ಸಭೆಯ ಅವಧಿ 2026ರ ನವೆಂಬರಿಗೆ ಮುಗಿಯುತ್ತದೆ. ವಾರ್ಡಿಗೆ ಮತ ಕೇಳಲು ಬಂದವರನ್ನು ನಾವು ಮರದ ಬಗ್ಗೆ, ಬೂದಿಯ ಬಗ್ಗೆ, ಮೋರಿಯ ಬಗ್ಗೆ ಕೇಳುತ್ತೇವೆ. ಚೇರ್ಮನ್ ಆಯ್ಕೆಯ ಪದ್ಧತಿ ಬದಲಿಸುವುದು ಅವರ ಕೈಲಿಲ್ಲ. ಅದನ್ನು ಬದಲಿಸಬೇಕಾದ ವಿಧಾನಸಭೆ ಕೃಷ್ಣೆಯ ಆಚೆ ದಡದಲ್ಲಿ, ವೆಲಗಪೂಡಿಯಲ್ಲಿ ಸೇರುತ್ತದೆ. ಪುರಸಭೆಯ ಅಧ್ಯಕ್ಷರನ್ನು ಮತದಾರರೇ ಆರಿಸುವಂತೆ ಕಾಯಿದೆ ತಿದ್ದಬೇಕೆಂದು ನಮ್ಮ ಬೀದಿಯವರು ಒಂದು ಅರ್ಜಿ ಬರೆದಿದ್ದೇವೆ. ತೆಲುಗಿನ ಒಕ್ಕಣೆ ನನ್ನದು. ಎದುರು ಮನೆಯ ಸೊಸೆ ಅದನ್ನು ಹಿಡಿದು ಬೊಮ್ಮಲ ಕಾಲೊನಿಯಲ್ಲಿ ಮನೆ ಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದಾಳೆ. ನಾಳೆ ಇಬ್ರಾಹಿಂಪಟ್ನಂ ಕಡೆಯ ವಾರ್ಡುಗಳಿಗೆ ಹೋಗಬೇಕು.